ನಾಲ್ಕನೆಯದನ್ನೂ ಬಿಟ್ಟೆ

ಶುಕ್ರವಾರ, ಬೆಳಗಿನ ಐದೂವರೆ. ಜುಬೈಲಿನ ಗಾಳಿ
ಒದ್ದೆ ಬನಿಯನ್ನಿನ ಹಾಗೆ ಮೈಗಂಟಿದೆ.
ಪೈಪ್ ಯಾರ್ಡಿನ ಹಿಂದೆ, ಬೇಲಿಯಾಚೆ,
ರಿಫೈನರಿಯ ಚಿಮಣಿಯ ತುದಿಗೆ ಅದೇ ಬೆಂಕಿ;
ರಾತ್ರಿಪಾಳಿ ಮುಗಿಯಿತೆಂದು ಅದಕ್ಕೆ ಯಾರೂ ಹೇಳಿಲ್ಲ.

ಮರಳಿನ ಮೇಲೆ ಸುಣ್ಣದ ಗೆರೆ.
ಹಳೆಯ ಕನ್ವೇಯರ್ ಬೆಲ್ಟು ಕತ್ತರಿಸಿ ಮೂರು ಬೇಸು,
ಐದು ಮೂಲೆಯ ಒಂದು ತಟ್ಟೆ.
ತಟ್ಟೆಯೆಂದರೆ ಊಟದ್ದಲ್ಲ,
ಆದರೂ ಅದರ ಬದಿಗೆ ನಿಂತವನಿಗೆ
ಬೇರೆಯೇ ಒಂದು ಹಸಿವು.

ಕ್ರೇನ್ ಓಡಿಸುವ ವರ್ಜೀಲಿಯೊ ನಮ್ಮ ಕೋಚು.
ಮೊದಲ ದಿನವೇ ನನ್ನ ಕೈಯಿಂದ ದಾಂಡು ಕಿತ್ತುಕೊಂಡ:
"ಬಂದದ್ದಕ್ಕೆಲ್ಲ ಬೀಸುತ್ತೀ.
ಬಂದದ್ದೆಲ್ಲ ನಿನಗೆಂದು ಬಂದದ್ದಲ್ಲ."
ಒಂದು ತಿಂಗಳು ಬರಿಗೈಯಲ್ಲಿ ನಿಲ್ಲಿಸಿದ.
ಚೆಂಡು ಬರುತ್ತದೆ, ನಾನು ಹೇಳಬೇಕು:
ಒಳಗೆ. ಹೊರಗೆ. ಹೊರಗೆ. ಮಂಡಿಗಿಂತ ಕೆಳಗೆ.
ಕ್ಯಾಂಪಿನವರು ನಕ್ಕರು,
ಮೊಗವೀರ ಆಟವಲ್ಲ, ಜ್ಯೋತಿಷ್ಯ ಕಲಿಯುತ್ತಿದ್ದಾನೆ.

ಗಂಗೊಳ್ಳಿಯ ಮೈದಾನದಲ್ಲಿ ನಾನು
ಟೆನಿಸ್ ಬಾಲ್ ಟೂರ್ನಮೆಂಟಿನ ಹುಲಿ.
ಆರು ಎಸೆತಕ್ಕೆ ಆರು ಬೀಸು.
ಚೆಂಡು ಬಿಟ್ಟವನನ್ನು ಅಲ್ಲಿ ಯಾರೂ ಬಿಡುತ್ತಿರಲಿಲ್ಲ,
ಮೈಕು ಹಿಡಿದವ ಮೂರು ತಲೆಮಾರು ಜಾಲಾಡುತ್ತಿದ್ದ.
ಇಲ್ಲಿ ನೋಡಿದರೆ
ನಾಲ್ಕು ಕೆಟ್ಟ ಎಸೆತ ಬಿಟ್ಟವನಿಗೆ
ಮೊದಲ ಬೇಸು ಪುಕ್ಕಟೆ.
ಓಡುವುದೂ ಬೇಡ, ನಡೆದುಕೊಂಡು ಹೋಗಬಹುದು.
ಇದೂ ಒಂದು ಆಟವೇ?

ಹಾಗಂತ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.
ಬಂದರಿನ ಏಲಮ್ಮಿನಲ್ಲಿ ಮೂವತ್ತು ವರ್ಷ
ಮೀನು ಕೊಂಡವಳು ಅಮ್ಮ.
ಬೋಟು ತಾಗಿದ್ದೇ ಉಳಿದವರ ಬಾಯಿ ಓಡುತ್ತಿತ್ತು,
ಇವಳ ಕೈ ಸೆರಗಿನೊಳಗೆ.
ಮೊದಲ ಬುಟ್ಟಿ ಹೋಗಲಿ. ಕಿವಿರು ಕಪ್ಪು.
ಎರಡನೆಯದೂ ಹೋಗಲಿ. ಮೇಲೆ ಅಂಜಲು, ಅಡಿಯಲ್ಲಿ ಬರೀ ಐಸು.
ಆಗ ಅವಳ ಮೊಣಕೈಯ ನರ
ಸೀರೆಯೊಳಗೇ ಬಿಗಿಯುವುದನ್ನು ನೋಡಿದ್ದೇನೆ;
ಸುಮ್ಮನಿರುವುದಕ್ಕೆ ಕಸುವು ಬೇಕು.
ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ:
"ನಡ್ಕಂಡ್ ಹೋದ್ರೂ ಲೆಕ್ಕ ಒಂದೇ ಅಲ್ದಾ?"

ಇವತ್ತು ಕೊನೆಯ ಸರದಿ. ಇಬ್ಬರು ಔಟು.
ಒಂದು ಓಟ ಹಿಂದಿದ್ದೇವೆ.
ಎದುರಿಗೆ ಎಫ್ರೆನ್, ಗೋದಾಮಿನ ಎಡಗೈಯವ.

ಮೊದಲನೆಯದಕ್ಕೆ ಬೀಸಿದೆ. ಹಳೆಯ ಹುಲಿ, ಗಾಳಿಗೆ ಪಂಜ.
ಎರಡನೆಯದು ಹೊರಗೆ, ಬಿಟ್ಟೆ.
ಮೂರನೆಯದು ಮರಳು ಕಚ್ಚಿತು, ಬಿಟ್ಟೆ.
ನಾಲ್ಕನೆಯದು ದಾಂಡಿನ ಅಂಚು ಸವರಿ ಬೇಲಿಗೆ.
ಐದನೆಯದು ಕಿವಿಯ ಮಟ್ಟಕ್ಕೆ.
ಇನ್ನು ಒಂದೇ. ಅವನಿಗೂ, ನನಗೂ.

ಬಂತು.
ಬೆಳ್ಳಗೆ, ದುಂಡಗೆ, ನನ್ನದೇ ಎಂಬಂತೆ ಬಂತು,
ಮುಂಬಯಿಯ ಆ ಏಜೆಂಟು ಮೇಜಿನ ಮೇಲೆ
ಬೆರಳಲ್ಲಿ ಸರಿಸಿದ ಕಾಗದದ ಹಾಗೆ.
ಅಂದು ಬೀಸಿದ್ದೆ. ಎಂಬತ್ತು ಸಾವಿರ,
ಮೇಲೆ ಅಕ್ಕನ ಎರಡು ಬಳೆ.
ತೋಳು ಹೊರಟಿತ್ತು. ಮಣಿಕಟ್ಟು ಹೊರಟಿತ್ತು.
ಕೊನೆಯ ಮೊಳದಲ್ಲಿ ಚೆಂಡು ಸೊಂಟ ತಿರುಗಿಸಿ
ಗೆರೆಯಾಚೆ ಜಾರಿತು,
ಎಷ್ಟು ಆಚೆ? ಒಂದು ಬೆರಳು. ಅಥವಾ ಅಷ್ಟೂ ಇಲ್ಲ.
ನಾಲ್ಕನೆಯದನ್ನೂ ಬಿಟ್ಟೆ.

ಹಿಂದೆ ಅಂಪೈರು ಹ್ವಾಂಗ್,
ವಾರವೆಲ್ಲ ವೆಲ್ಡಿಂಗಿನಲ್ಲಿ ಕೂದಲೆಳೆಯ ಬಿರುಕು ಹುಡುಕುವವ.
ಈ ಆಟದ ಪದ್ಧತಿ ಹೀಗೆ: ಒಳಗಿದ್ದರೆ ಕೂಗು,
ಹೊರಗಿದ್ದರೆ ಮಾತಿಲ್ಲ.
ಕಿವಿಗೊಟ್ಟು ನಿಂತೆ.
ಬೆಂಕಿಯ ಸದ್ದು ಕೇಳಿತು, ಎಲ್ಲೋ ಒಂದು ಲಾರಿ ಹಿಂದೆ ಸರಿಯುವ ಬೀಪು.
ಅವನು ಕೂಗಲಿಲ್ಲ.

ದಾಂಡು ಕೆಳಗಿಟ್ಟೆ. ನಡೆದೆ.
ಹನ್ನೊಂದು ವರ್ಷ ಈ ಊರಲ್ಲಿ
ಬಸ್ಸಿಗೆ, ಪಂಚಿಂಗಿಗೆ, ಸ್ನಾನದ ಸಾಲಿಗೆ ಓಡಿದವ
ಯಾರೂ ಅಟ್ಟದೆ, ಯಾರೂ ಕಾಯದೆ
ಮೂವತ್ತೇಳು ಹೆಜ್ಜೆ ಎಣಿಸಿ ನಡೆದೆ.

ಮುಂದಿನವ ಮೊದಲ ಎಸೆತಕ್ಕೇ ಆಕಾಶಕ್ಕೆ ಹೊಡೆದ.
ಹಿಡಿದರು. ಸೋತೆವು.
ನೀರಿನ ಕ್ಯಾನು ಎತ್ತಿಕೊಂಡು ಎಲ್ಲರೂ ಪಿಕಪ್ ಹತ್ತಿದರು,
ವರ್ಜೀಲಿಯೊ ಹಾರ್ನು ಹೊಡೆದ.
ಬೆಲ್ಟಿನ ರಬ್ಬರು ಆಗಲೇ ಕಾದು ಬೂಟಿನಡಿ ಮೆತ್ತಗಾಗಿತ್ತು.
ನಾನಿನ್ನೂ ಅದರ ಮೇಲೆ ನಿಂತೇ ಇದ್ದೆ.